ಕಾಂಕ್ರೀಟು ಗೋಡೆಗೆ ಮರದ ಲೈನಿಂಗ್

ಗುರುವಾರ: ಐನ್ ಖಾಲಿದ್

ಆ ಸಂಜೆ ನೆಲದಡಿಯ ಕೋಣೆಯಲ್ಲಿ ನಾವು ಆರು ಮಂದಿ ನಿಂತಿದ್ದೆವು. ನನ್ನ ತಮ್ಮ ಸದಾನಂದ, ಅವನ ಹೆಂಡತಿ ವನಜ, ಅವರ ಮಗಳು ಪ್ರಾರ್ಥನಾ, ಬಡಗಿ ಯೋಗೀಶ ಆಚಾರ್ರು, ಮನೆಯ ಮಾಲೀಕರಾದ ಅಬು ಸಾಲಿಂ, ಮತ್ತೆ ಮೂಲ್ಕಿಯಿಂದ ಬಂದಿಳಿದು ಕಾಲಿನ ಊತ ಇನ್ನೂ ಇಳಿಯದ ನಾನು. ಕೂರಲು ಇದ್ದದ್ದು ಒಂದೇ ಪ್ಲಾಸ್ಟಿಕ್ ಕುರ್ಚಿ. ಅದನ್ನು ಅಬು ಸಾಲಿಂ ಅವರಿಗೆ ಕೊಟ್ಟರೆ ಅವರು ನನ್ನ ಕಡೆ ಕೈ ತೋರಿಸಿದರು, ನಾನು ಅವರ ಕಡೆ ತೋರಿಸಿದೆ. ಕಡೆಗೆ ಕುರ್ಚಿ ಖಾಲಿಯೇ ಉಳಿಯಿತು.

ಕತಾರಿಗೆ ಹೋಗಿ ಬಂದವಳು ಎಂದಮೇಲೆ ಮರಳುಗುಡ್ಡ, ಒಂಟೆ, ಮುಗಿಲು ಮುಟ್ಟುವ ಕಟ್ಟಡ ಇವುಗಳ ಸುದ್ದಿ ಹೇಳಬೇಕೆಂದು ನಮ್ಮ ಓಣಿಯವರು ಕಾದು ಕೂತಿದ್ದಾರೆ. ಒಂಟೆಯನ್ನು ನಾನು ನೋಡಲೇ ಇಲ್ಲ. ನಾನು ನೋಡಿದ್ದು ಹೆಚ್ಚಾಗಿ ಒಂದು ಗೋಡೆ. ಆ ಗೋಡೆಯ ಕಥೆಯನ್ನೇ ಹೇಳುತ್ತೇನೆ. ನಾವು ಮನೆಯಲ್ಲಿ ಆಡುವುದು ತುಳು, ಅಬು ಸಾಲಿಂ ಆಡುವುದು ಅರಬ್ಬಿ ಬೆರೆಸಿದ ಹಿಂದಿ. ಎಲ್ಲವನ್ನೂ ನಮ್ಮ ಕನ್ನಡಕ್ಕೆ ಇಳಿಸಿಕೊಂಡು ಬರೆಯುತ್ತಿದ್ದೇನೆ.

ಐನ್ ಖಾಲಿದ್ ಬಡಾವಣೆಯ ಸದಾನಂದನ ಮನೆ ಒಂದು ದೊಡ್ಡ ವಿಲ್ಲಾದ ಪಾಲು. ಕೆಳಗಿನ ಎರಡು ಕೋಣೆ, ಅದರ ಅಡಿಯಲ್ಲಿ ಈ ಬೇಸ್‌ಮೆಂಟು. ಹುಡುಗಿ ದೊಡ್ಡವಳಾದಳು, ಅವಳಿಗೊಂದು ಕೋಣೆ ಬೇಕು. ಆದರೆ ಮಳೆಯೇ ಇಲ್ಲದ ಈ ಊರಿನಲ್ಲೂ ಸೆಪ್ಟೆಂಬರ್ ಬಂತೆಂದರೆ ಗಾಳಿ ಹಿಂಡಿದರೆ ನೀರು ಬರುವಂತಿರುತ್ತದೆ. ನೆಲದಡಿಯ ಕಾಂಕ್ರೀಟು ಗೋಡೆ ಬೆವರುತ್ತದೆ. ಅದಕ್ಕೆ ತಾಗಿಸಿ ಮಂಚ ಹಾಕಿ ಮಲಗಿದರೆ ಪ್ರಾರ್ಥನಾಳಿಗೆ ಉಬ್ಬಸ. ಆದ್ದರಿಂದ ಕಾಂಕ್ರೀಟಿನ ಎದುರು ಮರದ ಚೌಕಟ್ಟು ನಿಲ್ಲಿಸಿ, ನಡುವೆ ಉಣ್ಣೆಯಂಥದ್ದನ್ನು ತುಂಬಿ, ಮೇಲೆ ಜಿಪ್ಸಂ ಹಲಗೆ ಹೊಡೆಯುವುದೆಂದು ತೀರ್ಮಾನವಾಗಿತ್ತು. ಸದಾನಂದ ಇದನ್ನು ಫೋನಿನಲ್ಲಿ ಹೇಳಿದಾಗ ನನಗೆ ತಲೆಬುಡ ಗೊತ್ತಾಗಿರಲಿಲ್ಲ. ನಲವತ್ತು ವರ್ಷ ಹೊಲಿಗೆ ಮಿಷನಿನ ಮುಂದೆ ಕೂತವಳು ನಾನು. ಗೋಡೆಯ ಮುಂದೆ ನಿಂತ ಮೇಲೆ ಅರ್ಥವಾಯಿತು. ಇದು ಕೋಟಿಗೆ ಲೈನಿಂಗ್ ಕೊಡುವ ಕೆಲಸ.

ಅಬು ಸಾಲಿಂ ಒಪ್ಪಿದ್ದರು. ಒಪ್ಪಿಗೆಗೆ ಒಂದೇ ಷರತ್ತು. ಕಾಂಕ್ರೀಟು ಗೋಡೆಯ ಮೇಲೆ ಅಂಗೈ ಇಟ್ಟು, ಮಗುವಿನ ಬೆನ್ನು ತಟ್ಟಿದ ಹಾಗೆ ತಟ್ಟಿ ಅವರು ಹೇಳಿದರು: "ಇದಕ್ಕೆ ತೂತು ಮಾಫಿ, ಸದಾ. ತೂತು ಬಿದ್ದರೆ ಖಲಾಸ್. ನೀನೂ ಖಲಾಸ್, ಮನೆಯೂ ಖಲಾಸ್."

ಮಾಫಿ ಎಂದರೆ ಅವರ ಮಾತಿನಲ್ಲಿ ಇಲ್ಲ, ಕೂಡದು. ಗೋಡೆಯ ಹಿಂದೆ ನೀರು ತಡೆಯುವ ಕರಿಯ ಪದರ ಇದೆಯಂತೆ. ಅದರಾಚೆ ಉಪ್ಪು ನೀರು, ಬಹಳ ಆಳದಲ್ಲೂ ಅಲ್ಲ. ಪಕ್ಕದ ಬೀದಿಯಲ್ಲಿ ಯಾರೋ ಕಪಾಟು ಕೂರಿಸಲು ಹೋಗಿ ಇಡೀ ನೆಲಮಾಳಿಗೆ ತುಂಬಿತ್ತಂತೆ. ಅಬು ಸಾಲಿಂ ಹೋದ ಮೇಲೆ ವನಜ ಆ ಗೋಡೆಯನ್ನು ಹೊಸತಾಗಿ ನೋಡುತ್ತ ನಿಂತಳು, ಸಾಕಿದ ನಾಯಿ ಕಚ್ಚುತ್ತದೆಂದು ಯಾರೋ ಹೇಳಿದಂತೆ. ಈ ಮನೆ ಬಿಟ್ಟರೆ ಮಗುವಿನ ಶಾಲೆ ದೂರ, ಅರ್ಧವಾರ್ಷಿಕ ಪರೀಕ್ಷೆ ಹತ್ತಿರ. ಆಚಾರ್ರು ಮಾತ್ರ ನಿರಾಳ. ಚೌಕಟ್ಟು ಗೋಡೆಗೆ ತಾಗುವುದೇ ಇಲ್ಲ, ಒಂದು ಬೆರಳು ಜಾಗ ಬಿಟ್ಟೇ ನಿಲ್ಲಿಸುವುದು, ಅಡಿಪಟ್ಟಿಯನ್ನು ನೆಲಕ್ಕೆ ಬೋಲ್ಟು ಹಾಕುವುದು ಎಂದರು. ಮಾಲೀಕರು ಬೇಡವೆಂದದ್ದು ಗೋಡೆಗೆ, ನೆಲಕ್ಕಲ್ಲ ಎಂದು ಸದಾನಂದನೂ ಹೇಳಿಕೊಂಡ. ಹೇಳಿಕೊಂಡ ಎನ್ನುತ್ತೇನೆ, ಯಾಕೆಂದರೆ ಅದನ್ನು ಅವನು ನಮಗೆ ಹೇಳಿದಂತಿರಲಿಲ್ಲ.

ಶುಕ್ರವಾರ: ಮೊದಲ ಕಂಬ

ಯೋಗೀಶ ಆಚಾರ್ರು ಮರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾರೆ. ಅವರಿಗೆ ಶುಕ್ರವಾರ ಮಾತ್ರ ರಜೆ. ಊರು ಕಿನ್ನಿಗೋಳಿಯ ಹತ್ತಿರ. ಅವರ ಅತ್ತಿಗೆಯ ಮದುವೆ ರವಿಕೆ ನಾನೇ ಹೊಲಿದದ್ದೆಂದು ಮಾತಿನ ನಡುವೆ ತಿಳಿದು ನಮಗಿಬ್ಬರಿಗೂ ಸಲಿಗೆ ಬಂತು.

ಬಿಳಿ ಮರದ ರೀಪುಗಳು ಕೋಣೆಯ ನಡುವೆ ರಾಶಿ ಬಿದ್ದಿದ್ದವು. ಯಾವುದೋ ಶೀತದೇಶದ ಮರ, ಯಂತ್ರದಲ್ಲಿ ಹೆರೆದು ನಾಲ್ಕೂ ಮುಖ ನುಣ್ಣಗೆ. ಆಚಾರ್ರು ಅಡಿಪಟ್ಟಿಯ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿದರು, ಮರ ನೇರ ಕಾಂಕ್ರೀಟಿಗೆ ತಾಗಿದರೆ ತಂಪು ಹೀರಿ ಕುಂಬಾಗಿ ಕೊಳೆಯುತ್ತದಂತೆ. ನೂಲಿಗೆ ಗುಂಡು ಕಟ್ಟಿ ಇಳಿಬಿಟ್ಟು ನೋಡಿದರೆ ಕಾಂಕ್ರೀಟು ಗೋಡೆ ನಡುವಲ್ಲಿ ಹೊಟ್ಟೆ ಬಿಟ್ಟಿತ್ತು. ಆ ಹೊಟ್ಟೆಯಿಂದ ಒಂದು ಬೆರಳು ಬಿಟ್ಟು ನೆಲದ ಮೇಲೆ ಗೆರೆ ಎಳೆದರು. ನನಗೆ ಖುಷಿಯಾಯಿತು. ಹೊಟ್ಟೆ ಇದ್ದವರ ಅಂಗಿಗೂ ನಾವು ಅಳತೆ ಹಿಡಿಯುವುದು ಅಲ್ಲಿಂದಲೇ.

ಆಮೇಲೆ ನೆಲಕ್ಕೆ ಡ್ರಿಲ್ ಹಿಡಿದರು. ಪ್ರತಿ ತೂತಿಗೂ ಸದಾನಂದ ಬಗ್ಗಿ ಇಣುಕುತ್ತಿದ್ದ. ಒಣ ಬಿಳಿ ಹುಡಿ ಬಂದರೆ ನಿಟ್ಟುಸಿರು ಬಿಡುತ್ತಿದ್ದ. ಕಡೆಯ ಮೂಲೆಯ ತೂತಿನಲ್ಲಿ ಡ್ರಿಲ್ಲು ಸ್ವಲ್ಪ ಜಾರಿ ಕೆಳಗೆ ಹೋಯಿತು. "ಆಳ ಆಯ್ತಾ ಆಚಾರ್ರೆ?" ಎಂದ. "ಒಂದು ಉಗುರು ಹೆಚ್ಚಾಗಿರಬಹುದು" ಎಂದರು ಅವರು. ಆ ಒಂದು ಉಗುರು ಆಮೇಲೆ ನಮ್ಮನ್ನು ಬಹಳ ಸತಾಯಿಸಿತು.

ಇನ್ನು ಕಂಬ ನಿಲ್ಲಿಸುವುದು. ಆಚಾರ್ರು ಒಂದೊಂದೇ ರೀಪನ್ನು ಎತ್ತಿ, ನಡುವನ್ನು ಅಳೆದು, ತೋರುಬೆರಳ ಮೇಲೆ ತೂಗಿ ನೋಡತೊಡಗಿದರು. ಯಾವ ತಲೆ ತಗ್ಗುತ್ತದೋ ಅಲ್ಲಿ ಪೆನ್ಸಿಲಿನಿಂದ ಗುರುತು. ತಗ್ಗುವುದು ಮರದ ಬುಡ, ಏಳುವುದು ತುದಿ. ನಮ್ಮ ಕಡೆ ಬುಡ ಮೇಲಾಗಿಸಿ ಕಂಬ ನೆಡುವುದಿಲ್ಲ, ಮನೆ ತಲೆಕೆಳಗಾಗುತ್ತದೆ ಎಂಬ ನಂಬಿಕೆ. ಸದಾನಂದ ನಕ್ಕ.

"ಎಲ್ಲಿಯದೋ ಮರ, ಸಿಗಿದು ಒಣಗಿಸಿ ಕಂಟೇನರಲ್ಲಿ ಬಂದದ್ದು. ಇದಕ್ಕೆಂಥ ಬುಡ, ಎಂಥ ತುದಿ?"

"ಯಾವ ದೇಶದ್ದಾದ್ರೂ ಮರ ನೆಲದಿಂದ ಮೇಲೆಯೇ ಬೆಳೀತದಲ್ವಾ ಸದಣ್ಣ" ಎಂದರು ಆಚಾರ್ರು, ಬೆರಳ ಮೇಲಿನ ರೀಪಿನಿಂದ ಕಣ್ಣು ತೆಗೆಯದೆ. ಒಂದು ರೀಪು ಯಾವ ಕಡೆಗೂ ತಗ್ಗಲಿಲ್ಲ. ಅದನ್ನು ಅವರು ಬೇರೆ ಇಟ್ಟರು. ಊಟದ ಹೊತ್ತಿಗೂ ಅದು ಬಾಗಿಲ ಬಳಿ ಒಂಟಿಯಾಗಿ ಒರಗಿತ್ತು.

ಮೊದಲ ಕಂಬಕ್ಕೆ ಕಾಯಿ ಒಡೆಯಬೇಕು ಎಂದು ಹೇಳಿದವರೂ ಅವರೇ. ಒಡೆಯದೆ ಸುತ್ತಿಗೆ ಹಿಡಿಯುವುದಿಲ್ಲ ಎಂದರು. ಸದಾನಂದನ ಮುಖ ಸಣ್ಣದಾಯಿತು. ಅನ್ಯರ ಮನೆ, ಅನ್ಯರ ಧರ್ಮ. ಹೇಳದೆ ಮಾಡಿದರೆ ಏನು ತಿಳಿದುಕೊಳ್ಳುತ್ತಾರೋ, ಕೇಳಿದರೆ ಏನೆನ್ನುತ್ತಾರೋ. ವನಜಳಿಗೂ ಮಾಡದೆ ಬಿಡಲು ಮನಸ್ಸಿಲ್ಲ, ಮಗು ಮಲಗುವ ಕೋಣೆಯಲ್ಲವೇ. ಕಡೆಗೆ ಊದುಬತ್ತಿ ಬೇಡ, ಕರ್ಪೂರ ಬೇಡ, ಗಂಟೆಯಂತೂ ಬೇಡವೇ ಬೇಡ, ಕಾಯಿ ಮಾತ್ರ ಎಂದಾಯಿತು. ಗಣಪತಿಗೆ ಒಂದು, ಕಂಬಕ್ಕೆ ಒಂದು. ಸದ್ದಾಗದಂತೆ ಟವೆಲಿನಲ್ಲಿ ಸುತ್ತಿ, ಬಾಗಿಲ ಪಕ್ಕದ ಮೊದಲ ಕಂಬದ ಬುಡದಲ್ಲಿ ಸದಾನಂದನೇ ಒಡೆದ. ನೀರು ಕಂಬದ ಬುಡಕ್ಕೆ ಬಿತ್ತು, ಹಾಗೆಯೇ ಬೀಳಬೇಕಾದದ್ದು. ಚೂರುಗಳನ್ನು ವನಜ ಚೀಲಕ್ಕೆ ತುಂಬಿದಳು. ಈ ವಿಷಯ ಈ ಕೋಣೆಯಲ್ಲೇ ಇರಲಿ ಎಂದು ಎಲ್ಲರೂ ಎಲ್ಲರಿಗೂ ಹೇಳಿದೆವು. ನಮ್ಮ ಅಜ್ಜಿ ಹೇಳುತ್ತಿದ್ದರು, ಆಡಬಾರದೆಂದು ಕಟ್ಟಿಟ್ಟ ಮಾತು ಬೇಕಾದಾಗಲೂ ಬಾಯಿಗೆ ಬರುವುದಿಲ್ಲ ಎಂದು.

ಸಂಜೆಯ ಹೊತ್ತಿಗೆ ಅರ್ಧ ಗೋಡೆ ನಿಂತಿತು. ಉಳಿದದ್ದು ಮುಂದಿನ ಶುಕ್ರವಾರಕ್ಕೆ.

ಶನಿವಾರ: ಒದ್ದೆ

ಬೆಳಿಗ್ಗೆ ಮರದ ಹುಡಿ ಗುಡಿಸಲು ಇಳಿದ ವನಜ ಗುಡಿಸದೆ ಮೇಲೆ ಬಂದಳು. ನಾನು ಚಪಾತಿ ಲಟ್ಟಿಸುತ್ತಿದ್ದೆ. "ಅತ್ತಿಗೆ, ಒಮ್ಮೆ ಬನ್ನಿ" ಎಂದಳು. ಅವಳ ದನಿ ಕೇಳಿಯೇ ನಾನು ಒಲೆ ಆರಿಸಿದೆ.

ಬಾಗಿಲಿಂದ ದೂರದ ಕಡೆಯ ಮೂಲೆ. ಅಡಿಪಟ್ಟಿಯ ಕೆಳಗಿಂದ ಹೊರಚಾಚಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಅವಳು ಕಾಲಿಟ್ಟು ತೋರಿಸಿದಳು. ಬೋಲ್ಟಿನ ಪಕ್ಕದಿಂದ ನೀರು ಒಸರಿ ಬಂತು. ಡ್ರಿಲ್ಲು ಜಾರಿದ ಅದೇ ಬೋಲ್ಟು.

ಸದಾನಂದ ಬಂದು ನೋಡಿದ, ಬಟ್ಟೆ ತಂದು ಒರೆಸಿದ, ಕಾದ, ಮತ್ತೆ ಹಾಳೆ ಒತ್ತಿದ. ಮತ್ತೆ ಬಂತು. ಮೂಗಿಟ್ಟು ನೋಡಿದರೆ ಸಣ್ಣಗೆ ಹುಳಿ ವಾಸನೆ. "ಚರಂಡಿಯೂ ಸೇರಿದೆ" ಎಂದು ಅವನು ನೆಲದಲ್ಲೇ ಕೂತುಬಿಟ್ಟ. ಆಚಾರ್ರಿಗೆ ಫೋನು ಮಾಡಿದರೆ ಅವರು ಕಾರ್ಖಾನೆಯಲ್ಲಿ, ಯಂತ್ರದ ಸದ್ದಿನ ನಡುವೆ ಕೂಗಿ ಕೂಗಿ ಒಂದೇ ಮಾತು ಹೇಳಿದರಂತೆ: ಬೋಲ್ಟು ಬಿಚ್ಚಬೇಡಿ, ಬಿಚ್ಚಿದರೆ ಹೆಚ್ಚು ಬಂದೀತು.

ಆ ದಿನ ನಾವು ಮೂರೂ ಮಂದಿ ಒಬ್ಬರಿಗೊಬ್ಬರು ತಿಳಿಯದಂತೆ ಕೆಳಗೆ ಹೋಗಿ ಬರುತ್ತಿದ್ದೆವು. ನಾನು ಹೋದರೆ ವನಜ ಮೆಟ್ಟಿಲಲ್ಲಿ ಎದುರಾಗುತ್ತಿದ್ದಳು, ಏನೋ ಮರೆತು ಬಂದವಳ ಹಾಗೆ. ನಮ್ಮೂರಲ್ಲಿ ಮಳೆಗಾಲಕ್ಕೆ ಗೋಡೆ ಒದ್ದೆಯಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಬಿಸಿಲು ಬಂದರೆ ಒಣಗುತ್ತದೆ ಎನ್ನುತ್ತೇವೆ. ಇಲ್ಲಿ ಹೊರಗೆ ಸುಡುವ ಬಿಸಿಲು, ಒಳಗೆ ಅಂಗೈಯಷ್ಟು ಒದ್ದೆಗೆ ಮನೆಯೇ ನಡುಗುತ್ತಿತ್ತು. ಪ್ರಾರ್ಥನಾಳಿಗೆ ಹೇಳಿರಲಿಲ್ಲ. ಅವಳು ಗೋಡೆಗೆ ಯಾವ ಬಣ್ಣವೆಂದು ನನ್ನನ್ನು ಕೇಳಿದಳು. "ಮಾಮಿ, ತಿಳಿ ಹಸಿರು ಹೇಗೆ?" ನಮ್ಮಲ್ಲಿ ತಂದೆಯ ಅಕ್ಕ ಮಾಮಿ. ನಾನು ಒಳ್ಳೆಯದು ಎಂದೆ. ಬೇರೆ ಏನು ಹೇಳಲಿ.

ಶನಿವಾರ ಸಂಜೆ: ವೆಸ್ಟ್ ಬೇ

ಸಮುದ್ರದ ದಂಡೆಗೆ ಕರೆದೊಯ್ಯುವುದಾಗಿ ತಮ್ಮ ಮಾತು ಕೊಟ್ಟಿದ್ದ. ಬೇಡವೆಂದರೂ ಕೇಳಲಿಲ್ಲ. ಅಕ್ಕ ಬಂದು ಹೋದಳು, ಏನೂ ತೋರಿಸಲಿಲ್ಲ ಎಂದಾಗಬಾರದಂತೆ.

ದಂಡೆಯ ಉದ್ದಕ್ಕೂ ಜನ ಬೆವರು ಒರೆಸಿಕೊಳ್ಳುತ್ತ ನಡೆಯುತ್ತಿದ್ದರು. ಆಚೆ ವೆಸ್ಟ್ ಬೇಯ ಕಟ್ಟಡಗಳಿಗೆ ದೀಪ ಹತ್ತಿತ್ತು. ಅದೊಂದರಲ್ಲಿ ತನ್ನ ಆಫೀಸು ಎಂದು ಸದಾನಂದ ಬೆರಳು ತೋರಿಸಿದ. ಯಾವುದೆಂದು ನನಗೆ ತಿಳಿಯಲಿಲ್ಲ, ನಾನು ಕೇಳಲೂ ಇಲ್ಲ. ನನ್ನ ಕಣ್ಣು ಬೇರೆಲ್ಲೋ ಇತ್ತು. ಅಷ್ಟೆತ್ತರದ ಕಟ್ಟಡ ನೀರಿನ ಅಂಚಿನಲ್ಲೇ ನಿಂತಿದೆ, ಅದರ ಅಡಿಯಲ್ಲಿ ಎಷ್ಟು ನೆಲಮಾಳಿಗೆ ಇರಬಹುದು, ಅಲ್ಲಿ ಯಾರಾದರೂ ತೂತು ಕೊರೆದರೆ ಗತಿಯೇನು ಎಂದು ಯೋಚಿಸುತ್ತಿದ್ದೆ. ಕಡಲು ಮಾತ್ರ ನಮ್ಮ ಕಡಲಿನಂತಲ್ಲ, ಅಲೆಯಿಲ್ಲ, ಸದ್ದಿಲ್ಲ, ಬಟ್ಟಲಲ್ಲಿಟ್ಟ ನೀರಿನ ಹಾಗೆ ಕೂತಿತ್ತು. ಸದ್ದು ಮಾಡುವ ನೀರನ್ನು ನಂಬಬಹುದು ಅನಿಸಿತು ನನಗೆ.

ಸದಾನಂದ ಜೋಳ ಕೊಂಡು ತಂದ, ತಿನ್ನದೆ ಕೈಯಲ್ಲಿ ಹಿಡಿದು ನಿಂತ. ಆಮೇಲೆ ಹೇಳಿದ: "ನಾಳೆ ಅಬು ಸಾಲಿಂ ಮನೆಗೆ ಹೋಗಿ ಹೇಳಿಬಿಡ್ತೇನೆ ಅಕ್ಕ. ಬೇರೆಯವರ ಬಾಯಿಂದ ಗೊತ್ತಾಗುವುದು ಬೇಡ. ನೀವೂ ಬನ್ನಿ."

ನಮ್ಮ ಕಡೆ ಹಾಗೆಯೇ. ತಪ್ಪು ಒಪ್ಪಿಕೊಳ್ಳಲು ಹೋಗುವಾಗ ಮನೆಯ ಹಿರಿಯರೊಬ್ಬರು ಜೊತೆಗಿರಬೇಕು, ಬೈಯುವವರ ನಾಲಿಗೆ ಅರ್ಧ ಮೆತ್ತಗಾಗುತ್ತದೆ. ನನ್ನ ನರೆಗೂದಲಿಗೆ ವಿದೇಶದಲ್ಲಿ ಸಿಕ್ಕ ಮೊದಲ ಕೆಲಸ ಅದು.

ಭಾನುವಾರ: ಅಲ್ ರಯ್ಯಾನ್

ಇಲ್ಲಿ ಭಾನುವಾರ ಕೆಲಸದ ದಿನ. ಆಫೀಸು ಮುಗಿಸಿ ಬಂದು ಮುಖ ತೊಳೆದು, ಇಸ್ತ್ರಿಯ ಅಂಗಿ ಹಾಕಿಕೊಂಡು ಸದಾನಂದ ನನ್ನನ್ನು ಅಲ್ ರಯ್ಯಾನ್‌ನ ಅವರ ಮನೆಗೆ ಕರೆದೊಯ್ದ. ಬೈಯುವವರ ನಾಲಿಗೆ ಮೆತ್ತಗಾಗಿಸುವ ನನ್ನ ಉಪಾಯ ಗೇಟಿನಲ್ಲೇ ಮುರಿದುಬಿತ್ತು. ಗಂಡಸರು ಕೂರುವ ಮಜ್ಲಿಸು ಒಂದು ಕಡೆ, ಹೆಂಗಸರ ಕೋಣೆ ಇನ್ನೊಂದು ಕಡೆ. ಮಲೆಯಾಳಿ ಕೆಲಸದಾಕೆ ನನ್ನ ಕೈಹಿಡಿದು ಒಳಗೆ ಕರೆದೊಯ್ದಳು. ಸದಾನಂದ ಒಬ್ಬನೇ ಆ ಕಡೆ ನಡೆದ, ತಿರುಗಿ ನೋಡುತ್ತ.

ಅಬು ಸಾಲಿಂ ಅವರ ಹೆಂಡತಿ ನನ್ನನ್ನು ದಿಂಬಿಗೆ ಒರಗಿಸಿ ಕೂರಿಸಿದರು. ನನಗೆ ಅವರ ಮಾತಿಲ್ಲ, ಅವರಿಗೆ ನನ್ನ ಮಾತಿಲ್ಲ. ಏಲಕ್ಕಿ ವಾಸನೆಯ ಹಳದಿ ಕಾಫಿ ಚಿಕ್ಕ ಬಟ್ಟಲಲ್ಲಿ ಬಂತು, ಕುಡಿದು ಮುಂದೆ ಹಿಡಿದೆ. ಮತ್ತೆ ತುಂಬಿದರು. ಬೇಡವೆನ್ನುವುದು ಅಗೌರವವೆಂದು ಕುಡಿದೆ. ಮತ್ತೆ ತುಂಬಿದರು. ಗೋಡೆಯಾಚೆ ತಮ್ಮ ಏನೆಂದನೋ, ಅವರೇನೆಂದರೋ ಎಂದು ಕಿವಿಯೆಲ್ಲ ಅಲ್ಲೇ, ಕೈ ಮಾತ್ರ ಬಟ್ಟಲು ಹಿಡಿಯುತ್ತ ಹೋಯಿತು. ಮತ್ತೊಮ್ಮೆ ಬಟ್ಟಲು ಮುಂದೆ ಹಿಡಿದಾಗ ಕೆಲಸದಾಕೆ ಹಿಂದಿನಿಂದ ಕೈ ಅಲ್ಲಾಡಿಸಿ ತೋರಿಸಿದಳು. ಬಟ್ಟಲನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದರೆ ಸಾಕು ಎಂದರ್ಥವಂತೆ. ಅಲ್ಲಾಡಿಸಿದೆ.

ಆ ತಾಯಿ ಎದ್ದು ಬಂದು ನನ್ನ ರವಿಕೆಯ ತೋಳನ್ನು ಮಗುಚಿ ಒಳಗಿನ ಲೈನಿಂಗ್ ನೋಡಿದರು. ಹೊಲಿಗೆಯ ಮೇಲೆ ಬೆರಳಾಡಿಸಿ, ನೀನೇನಾ ಎಂಬಂತೆ ಹುಬ್ಬು ಹಾರಿಸಿದರು. ನಾನು ತಲೆಯಾಡಿಸಿದೆ. ಅವರು ನಕ್ಕರು. ಆ ಹೊತ್ತಿನಲ್ಲಿ ಅದೊಂದೇ ಸಮಾಧಾನ.

ಹೊರಗೆ ಹಾರ್ನು ಕೇಳಿಸಿತು. ಸದಾನಂದ ಕಾರಿನಲ್ಲಿದ್ದ, ತುಟಿ ಒಣಗಿತ್ತು. ಬೈದರಾ ಎಂದು ಕೇಳಿದೆ. ಇಲ್ಲ, ಯಲ್ಲಾ, ನಡಿ ಎಂದು ಎದ್ದರು ಅಷ್ಟೆ ಎಂದ. ಮುಂದೆ ಅಬು ಸಾಲಿಂ ಅವರ ಬಿಳಿ ಗಾಡಿ ಓಡುತ್ತಿತ್ತು. ದಾರಿಯುದ್ದಕ್ಕೂ ಅದರ ಕೆಂಪು ದೀಪವನ್ನೇ ನೋಡುತ್ತ ಬಂದೆವು.

ಮತ್ತೆ ನೆಲದಡಿಯಲ್ಲಿ

ಯೋಗೀಶ ಆಚಾರ್ರು ಕೆಲಸದ ಬಟ್ಟೆಯಲ್ಲೇ ಬಂದು ಕಾದಿದ್ದರು. ಅಬು ಸಾಲಿಂ ಯಾರ ಮುಖವನ್ನೂ ನೋಡದೆ ಬಿಳಿ ನಿಲುವಂಗಿಯ ಅಂಚನ್ನು ಎತ್ತಿ ಹಿಡಿದು ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತರು. ಫೋನಿನ ಟಾರ್ಚು ಹಾಕಿದರು. ಒಂದೊಂದೇ ಬೋಲ್ಟಿನ ಮೇಲೆ ಬೆಳಕು ನಿಲ್ಲಿಸಿ ನೋಡುತ್ತ ಬಂದರು. "ನೆಲವೂ ಗೋಡೆಯೇ, ಸದಾ" ಎಂದರು. ಸದಾನಂದ ತಲೆ ತಗ್ಗಿಸಿದ.

ಬೆಳಕು ಒದ್ದೆಯ ಮೇಲೆ ಬಂದು ನಿಂತಿತು. ಮತ್ತೆ ಮೆಲ್ಲಗೆ ಹಿಂದಕ್ಕೆ ಸರಿಯಿತು. ಮೆಟ್ಟಿಲಿನಿಂದ ಇಳಿದು, ಗೋಡೆಯ ಬದಿ ಹಿಡಿದು, ಅಡಿಪಟ್ಟಿಯ ಉದ್ದಕ್ಕೂ ಒಂದು ಸಾಲು ಇರುವೆ ಆ ಮೂಲೆಗೆ ಹೊರಟಿತ್ತು.

ವನಜ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಯನ್ನು ನೀರಿನ ತಟ್ಟೆಯಲ್ಲಿಟ್ಟು ಇರುವೆಗಳ ಜೊತೆ ವರ್ಷಗಟ್ಟಲೆ ಹೋರಾಡಿದವಳು. ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು: "ಉಪ್ಪುನೀರಿಗೆ ಇರುವೆ ಬರ್ತದಾ ಅತ್ತಿಗೆ?"

ಅಷ್ಟರಲ್ಲಿ ಅಬು ಸಾಲಿಂ ಬೆರಳನ್ನು ಒದ್ದೆಗೆ ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡಿದ್ದರು. ಸ್ವಲ್ಪ ಹೊತ್ತು ಬಾಯಿ ಚಪ್ಪರಿಸಿದರು. ಉಪ್ಪು ಮಾಫಿ ಎಂದರು. ಮತ್ತೆ ಮುಟ್ಟಿಸಿಕೊಂಡು, ಸಿಹಿ ಇದೆ, ಕೆಟ್ಟ ಸಿಹಿ, ಇದು ಎಲ್ಲಿಂದ ಬಂತು ಎಂದು ಸದಾನಂದನನ್ನು ನೋಡಿದರು.

ನಾನು ಆಚಾರ್ರನ್ನು ನೋಡಿದೆ, ಆಚಾರ್ರು ವನಜಳನ್ನು ನೋಡಿದರು, ವನಜ ಸದಾನಂದನನ್ನು. ಬಾಗಿಲ ಪಕ್ಕ ಒಡೆದ ಎರಡು ಕಾಯಿಯ ನೀರು ಅಡಿಪಟ್ಟಿಯ ಹಿಂದಿನ ಒಂದು ಬೆರಳು ಸಂದಿಗೆ ಇಳಿದು, ನೆಲದ ಓರೆ ಹಿಡಿದು ಕಡೆಯ ಮೂಲೆಗೆ ಹರಿದು, ಒಣಗಲು ಬಿಡದ ಪ್ಲಾಸ್ಟಿಕ್ ಹಾಳೆಯ ಅಡಿಯಲ್ಲಿ ಹುಳಿಯುತ್ತ ಕೂತಿತ್ತು. ಅದು ನಾಲ್ವರಿಗೂ ಒಟ್ಟಿಗೇ ಹೊಳೆಯಿತು. ಹೊಳೆದರೂ ಹಾಯೆನಿಸಲಿಲ್ಲ. ನೀರಿನ ಗುಟ್ಟು ಹೇಳಬೇಕಾದರೆ ಕಾಯಿಯ ಗುಟ್ಟನ್ನೂ ಹೇಳಬೇಕು. ಅವರ ಮನೆಯ ನೆಲದ ಮೇಲೆ, ಅವರಿಗೆ ತಿಳಿಸದೆ, ನಮ್ಮ ಪೂಜೆ.

ಆಚಾರ್ರು ಬಾಯಿ ತೆರೆದರು. ಸದಾನಂದ ಅವರ ತೋಳು ಮುಟ್ಟಿ ತಡೆದ. ತೆಂಗಿನಕಾಯಿ ಒಡೆದವನು ತಾನು, ಇದು ನಮ್ಮ ಪದ್ಧತಿ, ಕೇಳದೆ ಮಾಡಿದ್ದು ತಪ್ಪು ಎಂದು ತನ್ನ ಮುರುಕು ಅರಬ್ಬಿಯಲ್ಲಿ ಒಂದೊಂದೇ ಮಾತು ಕೂಡಿಸಿ ಹೇಳಿದ. ಅಬು ಸಾಲಿಂ ಯಾಕೆ ಎಂದು ಮಾತ್ರ ಕೇಳಿದರು. ಸದಾನಂದ ಆಚಾರ್ರ ಕಡೆ ತಿರುಗಿದ. ನೆಲದ ಮೇಲೆ ಮೊದಲ ಕಂಬ ನಿಲ್ಲುವ ಮುಂಚೆ ನೆಲವನ್ನು ಕೇಳಬೇಕಲ್ವಾ ಎಂದು ಆಚಾರ್ರು ಹಿಂದಿಯಲ್ಲಿ ಹೇಳಿದರು.

ಅಬು ಸಾಲಿಂ ಎದ್ದು ಆ ಒಂಟಿ ಪ್ಲಾಸ್ಟಿಕ್ ಕುರ್ಚಿಯನ್ನು ಮೂಲೆಗೆ ಎಳೆದುಕೊಂಡು ಕೂತರು. ಹಾಳೆ ಎತ್ತಿಸಿದರು, ಒರೆಸಿಸಿದರು, ಮೇಲಿಂದ ಫ್ಯಾನು ತರಿಸಿ ಹಾಕಿಸಿದರು. ನೆಲ ಒಣಗಿತು. ಅವರು ಏಳಲಿಲ್ಲ. ಮತ್ತೆ ಬರುತ್ತದೋ ಎಂದು ಆ ಬೋಲ್ಟನ್ನೇ ನೋಡುತ್ತ ಕೂತರು, ನಾವು ಅವರನ್ನು ನೋಡುತ್ತ ನಿಂತೆವು. ವನಜ ಚಹಾ ತಂದಳು, ಕುಡಿದರು. ಪ್ರಾರ್ಥನಾ ಮೇಲಿಂದ ಇಣುಕಿ, ಯಾರ ಮುಖವೂ ಸರಿಯಿಲ್ಲವೆಂದು ಹಿಂದೆ ಹೋದಳು. ನೆಲ ಒಣಗಿಯೇ ಇತ್ತು.

ಆಗ ಎದ್ದರು. ಉಳಿದ ಪಟ್ಟಿಗೆ ಬೋಲ್ಟು ಬೇಡ, ಅಂಟು ಹಾಕಿ ಎಂದು ಆಚಾರ್ರಿಗೆ ಹೇಳಿದರು. ಮೆಟ್ಟಿಲ ಬಳಿ ನಿಂತು ಸದಾನಂದನ ಕಡೆ ತಿರುಗಿದರು.

"ನಾರಿಯಲ್ ಬಾಹರ್" ಎಂದರು, ಕಾಯಿ ಹೊರಗೆ ಎಂದು ಕೈಯನ್ನು ಅಂಗಳದ ಕಡೆ ಬೀಸಿ. "ಅಂದರ್ ಪಾನಿ ಮಾಫಿ. ಖಲಾಸ್."

ಅಷ್ಟೇ. ಅವರ ಗಾಡಿಯ ಸದ್ದು ದೂರವಾಯಿತು. ವನಜ ಮೆಟ್ಟಿಲಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಚಾರ್ರು ಬಾಗಿಲ ಬಳಿ ಒರಗಿದ್ದ ಆ ಬುಡ ತುದಿ ತಿಳಿಯದ ರೀಪನ್ನು ಎತ್ತಿ, ಮತ್ತೊಮ್ಮೆ ಬೆರಳ ಮೇಲೆ ತೂಗಿ ನೋಡಿದರು.

ಆಮೇಲೆ

ಮುಂದಿನ ಶುಕ್ರವಾರ ಗೋಡೆ ಪೂರ್ತಿಯಾಯಿತು. ತಿಳಿ ಹಸಿರು ಬಣ್ಣ ಒಣಗುವ ಮೊದಲೇ ನಾನು ಊರಿಗೆ ಹೊರಟೆ. ಪ್ರಾರ್ಥನಾ ಆ ಗೋಡೆಗೆ ತಾಗಿಸಿ ಮಂಚ ಹಾಕಿಸಿಕೊಂಡಿದ್ದಾಳೆ. ಉಬ್ಬಸ ಬಂದಿಲ್ಲವಂತೆ.

ಚಳಿ ಶುರುವಾದ ಮೇಲೆ ಸದಾನಂದ ಫೋನು ಮಾಡಿದ್ದ. ಅಬು ಸಾಲಿಂ ಅಲ್ ರಯ್ಯಾನ್‌ನ ತಮ್ಮ ಸ್ವಂತ ಮನೆಯ ನೆಲದಡಿಯ ಕೋಣೆಗೂ ಇಂಥದ್ದೇ ಗೋಡೆ ಬೇಕೆಂದು ಆಚಾರ್ರನ್ನು ಕರೆಸಿದರಂತೆ. ಆಚಾರ್ರು ಕಾಯಿ ತೆಗೆದುಕೊಂಡೇ ಹೋದರು. ಹೇಳಿದಂತೆ ಅಂಗಳದಲ್ಲೇ, ಗೇಟಿನ ಹತ್ತಿರ ಒಡೆದರು. ಒಡೆಯುವಾಗ ಅಬು ಸಾಲಿಂ ಪಕ್ಕದಲ್ಲೇ ಬಗ್ಗಿ ನಿಂತಿದ್ದರಂತೆ, ಎರಡೂ ಕೈಯಲ್ಲಿ ಒಂದು ಬಕೆಟು ಹಿಡಿದುಕೊಂಡು.